ಬೀರು ಸೇರಿದ ಫೋನು

ಆದೋನಿಯ ಆ ಮನಸ್ಸಿನ ಡಾಕ್ಟರನ್ನು ನೆನೆದರೆ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ.

ತಂಗಿಯ ಹೆಣ್ಣುಕೂಸು ಹುಟ್ಟಿದ ಮರುದಿನವೇ ತೀರಿಕೊಂಡಿತ್ತು. ಆಂಧ್ರದ ಕೌತಾಳಂ ಕಡೆಯ ಅವಳ ಅತ್ತೆಮನೆಯಲ್ಲಿ ಹಾಗೆ ಹೋದ ಕೂಸಿನ ಮಾತೆತ್ತುವ ರೂಢಿಯಿಲ್ಲ. ಎತ್ತಿದರೆ ಮತ್ತೆ ಬಸುರು ನಿಲ್ಲುವುದಿಲ್ಲವಂತೆ. ತೊಟ್ಟಿಲು ಅಟ್ಟ ಸೇರಿತು, ಕುಲಾಯಿ ಯಾರದೋ ಮನೆಗೆ ಹೋಯಿತು. ಎಲ್ಲರೂ ಹತ್ತಿ, ಮೆಣಸಿನಕಾಯಿ ಅಂತ ಮಾತಾಡಿಕೊಂಡು ಆರಾಮಾಗಿದ್ದರು. ತಂಗಿ ಅರ್ಧ ರೊಟ್ಟಿ ಬಿಟ್ಟು ಏಳುತ್ತಿದ್ದಳು.

ಅವಳಿಗೆ ಉಳಿದದ್ದು ಫೋನೊಂದೇ. ಕೂಸು ಕಳೆದುಕೊಂಡ ಹೆಂಗಸರ ವಾಟ್ಸಾಪ್ ಗುಂಪೊಂದು ಹೇಗೋ ಸಿಕ್ಕಿತ್ತು. ಬಳ್ಳಾರಿ, ರಾಯಚೂರು ಕಡೆಯವರು, ಒಬ್ಬರ ಮುಖ ಒಬ್ಬರು ನೋಡದವರು. ಹಿತ್ತಲಲ್ಲಿ ಕೂತು ಮಗಳ ಮೂಗು ಹೇಗಿತ್ತು, ತಲೆತುಂಬ ಕೂದಲು ಹೇಗಿತ್ತು ಅಂತ ಅವರಿಗೆ ಹೇಳುತ್ತಿದ್ದಳು. ಮತ್ತಾರಿಗೆ ಹೇಳಬೇಕಿತ್ತು?

ಕೊನೆಗೆ ಅವಳ ಅತ್ತೆ, ಅಕ್ಕನಾದ ನಾನು ಸೇರಿ ಅವಳನ್ನು ಆದೋನಿಗೆ ಕರೆದೊಯ್ದೆವು. ಡಾಕ್ಟರ ಮುಂದೆ ಅತ್ತೆಯೇ ಮೊದಲು ಬಾಯಿ ತೆಗೆದರು. "ಊಟ ಇಲ್ಲ, ನೀರಿಲ್ಲ. ಬರೇ ಫೋನ್ ಹಿಡಕೊಂಡು ಕುಂದರತಾಳ ಸಾರ್."

ಆ ಮಹಾನುಭಾವನಿಗೆ ಅಷ್ಟೇ ಸಾಕಾಯಿತು. "ರೋಜೂ ಎಂತಸೇಪಮ್ಮಾ?" ಅಂತ ತೆಲುಗಿನಲ್ಲಿ ಕೇಳಿದರು, ದಿನಾ ಎಷ್ಟು ಹೊತ್ತು ನೋಡುತ್ತೀ ಅಂತ. ಯಾರ ಜೊತೆ ಮಾತಾಡುತ್ತೀ, ಏನು ಮಾತಾಡುತ್ತೀ? ಊಹೂಂ, ಅದು ಅವರಿಗೆ ಬೇಡವೇ ಬೇಡ. ನಾನೇ ಗುಂಪಿನ ವಿಷಯ ತೆಗೆದೆ. "ಹೆಸರು ಯಾವುದಾದರೇನಮ್ಮ, ಎಲ್ಲಾ ಒಂದೇ ಚಟ. ಮೊದಲು ಫೋನು ಕಸಿದುಕೊಳ್ಳಿ," ಅಂದರು, ನನ್ನ ಕಡೆ ನೋಡದೆ. ಹೊರಗೆ ಬಂದರೆ ಗೋಡೆಯ ಟಿವಿಯಲ್ಲಿ ಅದೇ ಮುಖ, ಫೋನಿನಿಂದ ಮನಸ್ಸು ಕೆಡುತ್ತದೆ ಅಂತ ರೀಲಿನಲ್ಲಿ ಉಪದೇಶ! ಕಾಂಪೌಂಡರು ಬಂದವರಿಗೆಲ್ಲ "ಸಾರ್ ಪೇಜ್ ಫಾಲೋ ಮಾಡ್ರಿ" ಅನ್ನುತ್ತಿದ್ದ. ಥೂ, ಇವರ ಓದಿಗಿಷ್ಟು ಬೆಂಕಿ ಹಾಕ.

ಅತ್ತೆ ಫೋನನ್ನು ಬೀರುವಿನಲ್ಲಿಟ್ಟು ಕೀಲಿಯನ್ನು ಸೊಂಟಕ್ಕೆ ಸಿಗಿಸಿಕೊಂಡರು. ಕೆಲವು ವಾರ ಬಿಟ್ಟು ನಾನು ಹೋದಾಗ ತಂಗಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ತಲೆ ಬಾಚಿರಲಿಲ್ಲ. ಕರೆದರೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಈ ಹುಡುಗಿಯೂ ಕೈಬಿಟ್ಟು ಹೋಗುತ್ತಾಳೆ ಅನ್ನಿಸಿತು.

"ಡಾಕ್ಟ್ರಿಗೆ ಕೇಳೀವಿ. ಚಟ ಬಿಡಮುಂದ ಹಿಂಗ ಆಕೈತಂತ," ಅಂದರು ಅತ್ತೆ.

"ಕೀಲಿ ಕೊಡ್ರಿ."

"ಡಾಕ್ಟ್ರು ಬೈತಾರವ್ವ."

"ಬೈಲಿ. ನನ್ನ ಹಂತ್ಯಾಕ ಕಳಸ್ರಿ, ನಾ ಮಾತಾಡ್ತೀನಿ."

ಕೀಲಿ ಇಸಿದುಕೊಂಡೆ ಅನ್ನುವುದಕ್ಕಿಂತ ಕಿತ್ತುಕೊಂಡೆ ಅನ್ನಬೇಕು. ಫೋನು ಚಾರ್ಜಿಗೆ ಹಾಕಿ ಗುಂಪು ತೆರೆದೆ. ಕೇಳದೆ ಉಳಿದ ವಾಯ್ಸ್ ಮೆಸೇಜುಗಳು ರಾಶಿ ಬಿದ್ದಿದ್ದವು. ಕೊನೆಯದನ್ನು ಒತ್ತಿದೆ. ಯಾವಳೋ ಹೆಣ್ಣುಮಗಳ ದನಿ: "ಯಕ್ಕಾ, ಎಲ್ಲಿ ಹೋಗೀದಿ? ಇವತ್ತು ಸೋಮವಾರ, ನಿನ್ನ ಮಗಳು ಹುಟ್ಟಿದ ವಾರ. ಆಕಿ ಹೆಸರಿಲೆ ದೀಪಕ್ಕ ಎಣ್ಣಿ ಹಾಕೀನಿ."

ತಂಗಿ ಎದ್ದು ಕೂತಳು. ಆಮೇಲೆ ಅತ್ತಳು ನೋಡಿ, ಆ ಮನೆಯಲ್ಲಿ ಮೊದಲ ಸಲ ದನಿ ತೆಗೆದು.

"ಬಾಗ್ಲಾ ಹಾಕ್ರಿ, ಮಂದಿ ಕೇಳ್ತಾರ," ಅಂತ ಅತ್ತೆ ಓಡಿದರು.

"ಕೇಳಲಿ! ಆಕಿ ಮಗಳು ಸತ್ತಾಳ," ಅಂತ ನಾನು ಕೂಗಿದೆ.

ತಂಗಿ ಬಿಕ್ಕುತ್ತಲೇ ಬಾಗಿಲ ಕಡೆ ತಿರುಗಿದಳು. "ಅತ್ತೀ, ಆಕಿ ಕಿವಿ ನಿಮ್ಮಂಗ ಇದ್ದುವು."

ಅತ್ತೆ ಚಿಲಕದ ಮೇಲೆ ಕೈಯಿಟ್ಟು ನಿಂತರು. ಬಾಗಿಲು ಹಾಕಲಿಲ್ಲ.