ದಾರ ಪೋಣಿಸಿದ ಏಳು ಸೂಜಿಗಳು

ಕಳೆದ ವಾರ ಹಳೆಯ ಬಟ್ಟೆ ಹುಡುಕಲೆಂದು ಅಟ್ಟದ ಮೇಲಿನ ಟ್ರಂಕು ಇಳಿಸಿದೆ. ಮಗಳ ಶಾಲೆಯವರು ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಹರಿಹರದ ಒಂದು ವೃದ್ಧಾಶ್ರಮಕ್ಕೆ ಸೇವೆಗೆ ಕರೆದೊಯ್ಯುವವರಿದ್ದರು. ಬರಿಗೈಲಿ ಬರಬೇಡಿ ಎಂದು ಚೀಟಿ ಕಳಿಸಿದ್ದರು. ಟ್ರಂಕಿನ ತಳದಲ್ಲಿ, ನುಸಿಗುಳಿಗೆಯ ವಾಸನೆಯ ನಡುವೆ, ಅಂಗೈಯಗಲದ ಒಂದು ಕೆಂಪು ಬಟ್ಟೆ ಸಿಕ್ಕಿತು. ಅದಕ್ಕೆ ಸಾಲಾಗಿ ಏಳು ಸೂಜಿ ಚುಚ್ಚಿತ್ತು. ಏಳಕ್ಕೂ ಬಿಳಿ ದಾರ ಪೋಣಿಸಿತ್ತು. ಪೋಣಿಸಿದವಳು ನಾನೇ... ನನ್ನ ಹದಿನಾರನೇ ವಯಸ್ಸಿನಲ್ಲಿ.

ಆ ವರ್ಷ ಹತ್ತನೇ ತರಗತಿಯ ಪರೀಕ್ಷೆ ಮುಗಿಸಿ ಮನೆಯಲ್ಲಿ ಬಿದ್ದುಕೊಂಡಿದ್ದೆ. ದಾವಣಗೆರೆಯ ವಿನೋಬನಗರದ ನಮ್ಮ ಓಣಿಯ ಆರು ಹುಡುಗಿಯರನ್ನು ಒಂದು ಸೇವಾ ಸಂಘದವರು ರಜೆಯ ಶಿಬಿರಕ್ಕೆ ಸೇರಿಸಿಕೊಂಡರು. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಹರಿಹರದ ವೃದ್ಧಾಶ್ರಮಕ್ಕೆ ಹೋಗುವುದು, ಒಬ್ಬೊಬ್ಬರು ಒಬ್ಬೊಬ್ಬ ಹಿರಿಯರ ಜೊತೆ ಮಧ್ಯಾಹ್ನದವರೆಗೆ ಇದ್ದು ಬರುವುದು. ಕೊನೆಗೆ ಪ್ರಮಾಣಪತ್ರ ಕೊಡುತ್ತಾರೆ ಎಂಬುದೇ ನಮಗೆ ದೊಡ್ಡ ಆಸೆಯಾಗಿತ್ತು. ಸೇವೆ ಗೀವೆ ಎಲ್ಲ ಬಾಯಿಮಾತು.

ನನ್ನ ಪಾಲಿಗೆ ಬಂದವರು ಮಾಯಕೊಂಡದ ಕಡೆಯ ಒಬ್ಬ ಅಜ್ಜಿ. ಪೇಪರು ಓದಿ ಹೇಳಲೇ ಎಂದರೆ ಬೇಡವೆಂದು ತಲೆಯಾಡಿಸಿದರು. ಕಾಲು ಒತ್ತಲೇ ಎಂದರೆ ನಕ್ಕುಬಿಟ್ಟರು.

"ಸೂಜಿಗೆ ದಾರ ಹಾಕ್ಕೊಡು, ಅಷ್ಟು ಸಾಕು. ಕಣ್ಣು ಮಂಜಾಗೈತೆ," ಎಂದು ಈ ಕೆಂಪು ಬಟ್ಟೆಯನ್ನು ಮುಂದಿಟ್ಟರು.

ಅವರು ಕೌದಿ ಹೊಲಿಯುತ್ತಿದ್ದರು. ಇದ್ದೊಬ್ಬ ಮಗಳು ತೀರಿಹೋಗಿದ್ದಳು. ಆ ಮಗಳ ಸೀರೆಗಳನ್ನೇ ತುಂಡು ಮಾಡಿ, ಪದರದ ಮೇಲೆ ಪದರವಿಟ್ಟು, ಬೆರಳ ತುದಿಯಿಂದಲೇ ಅಂದಾಜು ಮಾಡುತ್ತಾ ಹೊಲಿಗೆ ಹಾಕುತ್ತಿದ್ದರು. ಸೀರೆಗಳನ್ನು ತಂದುಕೊಟ್ಟವಳು ಶಾಮನೂರಿನಲ್ಲಿದ್ದ ಮೊಮ್ಮಗಳು. ಅವಳಿಗೆ ಚೊಚ್ಚಲ ಹೆರಿಗೆಯಾಗಿತ್ತು. ಅವ್ವನ ಸೀರೆಯಲ್ಲಿ ನನ್ನ ಕೂಸು ಮಲಗಬೇಕು ಎಂದು ಬಸುರಿಯಾಗಿದ್ದಾಗಲೇ ಹೇಳಿ ಹೋಗಿದ್ದಳಂತೆ. ಮೂರು ತಿಂಗಳು ತುಂಬಿದ ಮೇಲೆ ಕೂಸಿನೊಂದಿಗೆ ಬರುವವಳಿದ್ದಳು. ಅಜ್ಜಿ ದಿನ ಎಣಿಸುತ್ತಿದ್ದರು. ನಾನು ದಿನಾ ಹೊರಡುವ ಮುಂಚೆ, ಮರುದಿನದವರೆಗೆ ಸಾಲಲೆಂದು ಏಳು ಸೂಜಿಗೂ ದಾರ ಪೋಣಿಸಿ ಚುಚ್ಚಿಟ್ಟು ಬರುತ್ತಿದ್ದೆ.

ಶಿಬಿರ ಮುಗಿಯುವ ಹೊತ್ತಿಗೆ ಕೌದಿಯೂ ಮುಗಿದಿತ್ತು, ಒಂದು ಮೂಲೆ ಬಿಟ್ಟು. ಅಲ್ಲಿ ನಾಲ್ಕು ಬೆರಳು ತೂರುವಷ್ಟು ಜಾಗ ಹೊಲಿಯದೆ ಹಾಗೇ ಇತ್ತು. ಮೊಮ್ಮಗಳು ಬಂದ ದಿನ ಅದರೊಳಗೆ ಹೋಳಿಗೆಯ ಚೂರಿಟ್ಟು ಬಾಯಿ ಹೊಲಿಯಬೇಕಂತೆ. ಉಪವಾಸವಿರುವ ಕೌದಿಯ ಮೇಲೆ ಕೂಸನ್ನು ಮಲಗಿಸಬಾರದು ಎಂಬುದು ಅವರ ಕಡೆಯ ರೂಢಿ.

ಸಮಾರೋಪಕ್ಕೆ ದಾವಣಗೆರೆಯಲ್ಲಿ ದೊಡ್ಡ ಕಾರ್ಯಕ್ರಮವಿತ್ತು. ಶಿಬಿರದಲ್ಲಿ ಏನೇನು ಆಯಿತೆಂದು ಎಲ್ಲರೂ ತೋರಿಸಬೇಕಿತ್ತು. ನನಗೋ ಜಂಬ. ಕೌದಿ ಕೊಡಿ, ತೋರಿಸಿ ತರುತ್ತೇನೆ ಎಂದು ಅಜ್ಜಿಯ ಬೆನ್ನು ಹತ್ತಿದೆ.

"ಬಾಯಿ ಹೊಲ್ದಿಲ್ಲವ್ವಾ ಅದ್ರದು," ಎಂದರು. ಆಮೇಲೆ, "ನಾಳಿಗೆ ತಂದ್ಕೊಡ್ತಿ ಹೌದಿಲ್ಲೋ?" ಎಂದು ಕೇಳಿ ಮಡಚಿ ಕೊಟ್ಟರು.

ವೇದಿಕೆಯ ಮೇಲೆ ನಾನು ಕೌದಿ ಬಿಡಿಸಿ ಹಿಡಿದಾಗ ಜನ ಚಪ್ಪಾಳೆ ತಟ್ಟಿದರು. ಮುಖ್ಯ ಅತಿಥಿಗಳು ಎದ್ದು ಬಂದು ಮುಟ್ಟಿ ನೋಡಿದರು. ಸಂಘದ ಕಾರ್ಯದರ್ಶಿಗೆ ಅದೇನು ಹೊಳೆಯಿತೋ, ಸನ್ಮಾನಕ್ಕೆ ತಂದಿಟ್ಟ ಶಾಲನ್ನು ಬದಿಗಿಟ್ಟು, ನನ್ನ ಕೈಯಿಂದ ಕೌದಿ ತೆಗೆದುಕೊಂಡು ಅತಿಥಿಗಳ ಹೆಗಲಿಗೆ ಹೊದಿಸಿಬಿಟ್ಟರು. ಫೋಟೋ ತೆಗೆದರು. ಅದು ಕೊಡುವುದಲ್ಲ ಸಾರ್ ಎಂದು ಒಂದು ಮಾತು ಹೇಳಬೇಕಿತ್ತು. ಅಷ್ಟು ಜನರ ಮುಂದೆ ನನ್ನ ನಾಲಿಗೆ ಏಳಲಿಲ್ಲ. ನಾನೂ ಚಪ್ಪಾಳೆ ತಟ್ಟಿದೆ... ಫೋಟೋದಲ್ಲಿ ನಗುತ್ತಲೂ ಇದ್ದೇನೆ.

ಕಾರು ಹೋದ ಮೇಲೆ ಕಾರ್ಯದರ್ಶಿಯ ಬಳಿ ಅತ್ತೆ. "ಸನ್ಮಾನ ಮಾಡಿದ್ದನ್ನ ವಾಪಸ್ ಕೇಳಿದ್ರೆ ನಮ್ಮ ಮರ್ಯಾದೆ ಏನಾಗ್ಬೇಕಮ್ಮ? ಅಜ್ಜಿಗೆ ಹೊಸ ರಗ್ಗು ಕೊಡಿಸಣ ಬಿಡು," ಎಂದರು. ಎರಡು ದಿನ ಬಿಟ್ಟು ಅಪ್ಪ ನನ್ನನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಆ ಅತಿಥಿಗಳ ಮನೆಗೆ ಹೋದರು. ಗೇಟು ಕಾಯುವವನು ಒಳಗೇ ಬಿಡಲಿಲ್ಲ. ಸಾಹೇಬರಿಗೆ ಬಂದ ಶಾಲು ಹೊದಿಕೆಗಳು ಆಗಿಂದಾಗಲೇ ಯಾರ್ಯಾರಿಗೋ ಹೋಗುತ್ತವೆ, ಯಾರಿಗೆಂದು ಕೇಳುತ್ತೀರಿ ಎಂದು ಅವನೇ ಪೇಚಾಡಿದ.

ಅಜ್ಜಿಗೆ ವಿಷಯ ಹೇಳಿದಾಗ ಅವರು ಬೈಯಲಿಲ್ಲ. ಗೋಡೆ ನೋಡುತ್ತಾ, "ಉಪಾಸ ಹೋತು," ಎಂದಷ್ಟೇ ಅಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮೊಮ್ಮಗಳು ಬಂದ ದಿನ ನಾನೂ ಹೋಗಿದ್ದೆ. ಎಲ್ಲವನ್ನೂ ನಾನೇ ಹೇಳಬೇಕೆಂದು ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಬಾಗಿಲ ಬಳಿ ನಿಂತೆ. ಅಜ್ಜಿ ಕೂಸಿನ ಕೆನ್ನೆ ಮುಟ್ಟಿ ನೋಡಿ, "ಕಣ್ಣು ಕಾಣ್ವಲ್ದವ್ವಾ, ಹೊಲಿಯಾಕ ಆಗ್ಲಿಲ್ಲ," ಎಂದರು.

"ಹಂಗಾದ್ರೆ ಅವ್ವನ ಸೀರೆ ಕೊಡು. ಬೇರೆದೋರ ಕೈಲಿ ಹೊಲಿಸ್ತೀನಿ," ಎಂದಳು ಅವಳು.

ಅಜ್ಜಿ ಕೂಸಿನ ಅಂಗಿ ಸರಿಮಾಡುತ್ತಾ ಕೂತರು. ನನ್ನ ಕಡೆ ತಿರುಗಲಿಲ್ಲ, ನನ್ನನ್ನು ಉಳಿಸುತ್ತಿದ್ದರು. ಮೊಮ್ಮಗಳು ಮತ್ತೆ ಮತ್ತೆ ಕೇಳಿದಳು. "ನಮ್ಮವ್ವಂದು ಅಂತ ನನಗೆ ಉಳಿದಿದ್ದೇ ಅಷ್ಟು. ಯಾರಿಗೆ ಕೊಟ್ಟೆ?" ಎಂದು ಅತ್ತಳು. ಆಮೇಲೆ ಕೂಸನ್ನೆತ್ತಿಕೊಂಡು ನನ್ನ ಪಕ್ಕದಲ್ಲೇ ಹಾದು ಹೊರಟುಹೋದಳು. ನಾನು ಬಾಗಿಲಿಗೆ ಒತ್ತಿಕೊಂಡು ಅವಳಿಗೆ ದಾರಿ ಬಿಟ್ಟೆ. ನಾನು ಮಾಡಿದ್ದು ಅಷ್ಟೇ. ಅವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲವೆಂದು ಆಶ್ರಮದ ಅಡುಗೆಯವರು ಆಮೇಲೆ ಹೇಳಿದರು.

ನಾನು ಹೊರಡುವಾಗ ಅಜ್ಜಿ ಕೆಂಪು ಬಟ್ಟೆಯನ್ನು ನನ್ನ ಕೈಗೆ ಹಾಕಿದರು. "ನೀನೇ ಇಟ್ಕ. ನನಗಿನ್ನ್ಯಾಕ," ಎಂದರು. ಕಾಲೇಜು ಶುರುವಾಯಿತು. ಭಾನುವಾರ ಬರುತ್ತೇನೆ ಎಂದಿದ್ದೆ, ಹೋಗಲಿಲ್ಲ. ಆ ವರ್ಷ ದಸರೆಗೆ ಮುಂಚೆಯೇ ಅವರು ತೀರಿಕೊಂಡರು ಎಂಬ ಸುದ್ದಿ ಬಂತು... ಮಣ್ಣಿಗೆ ಯಾರು ಬಂದಿದ್ದರೋ, ಕೇಳುವ ಧೈರ್ಯವಾಗಲಿಲ್ಲ. ಶಾಮನೂರಿಗೆ ಇಲ್ಲಿಂದ ಆಟೋದಲ್ಲಿ ಎಷ್ಟು ಹೊತ್ತಿನ ದಾರಿ? ಇಷ್ಟು ವರ್ಷದಲ್ಲಿ ಒಮ್ಮೆಯೂ ಹೋಗಿ ಆ ಮೊಮ್ಮಗಳನ್ನು ಹುಡುಕಲಿಲ್ಲ. ಆ ಕೂಸಿಗೆ ಈಗ ತನ್ನದೇ ಮಕ್ಕಳಿರಬಹುದು.

ಮಗಳು ಟ್ರಂಕಿನ ಪಕ್ಕ ಬಂದು ಕುಳಿತಳು. ಬಟ್ಟೆಯನ್ನು ಎತ್ತಿ ನೋಡಿ, "ಇದೇನಮ್ಮ, ದಾರ ಹಾಕೇ ಇಟ್ಟಿದೀಯ? ಯಾರದಿದು?" ಎಂದಳು.

"ಹರಿಹರದ ಒಬ್ಬ ಅಜ್ಜಿದು," ಎಂದೆ.

"ಹಂಗಾದ್ರೆ ಕೊಡು, ನಾಳೆ ಅಲ್ಲಿಗೇ ಹೋಗ್ತೀವಲ್ಲ. ಕೊಟ್ಟು ಬರ್ತೀನಿ."

ಅವಳು ನನ್ನ ಮುಖ ನೋಡುತ್ತಾ ಕಾದಳು. ನಾನು ಸೂಜಿಗಳನ್ನು ಅವಳ ಕೈಯಿಂದ ತೆಗೆದುಕೊಂಡು ಟ್ರಂಕಿನ ತಳಕ್ಕಿಟ್ಟೆ. ಎರಡು ಹಳೆಯ ಬೆಡ್‌ಶೀಟು ಮಡಚಿ ಅವಳ ಚೀಲಕ್ಕೆ ತುಂಬಿದೆ. ಈ ಸಲವೂ ನಾನು ಬಾಯಿ ಬಿಡಲಿಲ್ಲ.