ಅತ್ತೆ ರೊಟ್ಟಿಯನ್ನು ಹೊಗಳಿದಾಗ

ಬೆಳಿಗ್ಗೆ ಅಂಗಳ ಗುಡಿಸಿದೆ. ನಳ ಬಂತು, ನೀರು ಹಿಡಿದಿಟ್ಟೆ. ಜೋಳ ಹಸನು ಮಾಡಿ ಗಿರಣಿಗೆ ಕೊಟ್ಟು ಬಂದೆ. ಪುಂಡಿಪಲ್ಯ ಸೋಸಿದೆ. ಮಧ್ಯಾಹ್ನ ಅತ್ತೆಯ ಗಾದಿಯನ್ನು ಮಾಳಿಗೆಗೆ ಹೊತ್ತೊಯ್ದು, ಬಿಸಿಲಿಗೆ ಹಾಕಿ, ಕೋಲಿನಿಂದ ಬಡಿದೆ. ಹತ್ತಿಯ ಧೂಳಿನ ಜೊತೆ ನೋವಿನ ಎಣ್ಣೆಯ ವಾಸನೆ ಎದ್ದಿತು. ಆ ಎಣ್ಣೆ ನಮ್ಮ ಮನೆಯಲ್ಲಿ ಮುಗಿದು ವರ್ಷಗಳಾದವು. ಆದರೆ ಗಾದಿ ಯಾವುದನ್ನೂ ಮರೆಯುವುದಿಲ್ಲ. ಈ ವಿಷಯದಲ್ಲಿ ಅದು ಅತ್ತೆಯ ಹಾಗೆಯೇ.

ನಮ್ಮ ಶಹಾಪುರದ ಕಡೆ ಯಾರು ಎದುರಾದರೂ ಮೊದಲು ಕೇಳುವುದು ಆರಾಮ ಅದೀರೇನ್ರಿ ಎಂದು. ಉತ್ತರಕ್ಕೆ ಯಾರೂ ಕಾಯುವುದಿಲ್ಲ, ಕೇಳುತ್ತಲೇ ಮುಂದೆ ಹೋಗಿರುತ್ತಾರೆ. ನಮ್ಮ ಅತ್ತೆ ಮಾತ್ರ ಅವರನ್ನು ನಿಲ್ಲಿಸಿ ಉತ್ತರ ಕೊಡುತ್ತಿದ್ದರು.

“ಆರಾಮ ಅದೀರೇನ್ರಿ ಆಯಿ?”

“ಈಗ ನೀ ಬರೂ ತನಕ ಇದ್ನೆಪಾ.”

ಹೇಳುವಾಗ ಅವರ ಮುಖ ಉಳ್ಳಾಗಡ್ಡಿಯ ದರ ಹೇಳುವವರ ಮುಖದಂತೆ ಇರುತ್ತಿತ್ತು. ಟಿ.ವಿ.ಯಲ್ಲಿ ನಗಿಸುವವರು ತಮ್ಮ ಮಾತಿಗೆ ತಾವೇ ಮೊದಲು ನಗುತ್ತಾರೆ. ನನಗೆ ಅವರ ಮೇಲೆ ಸಿಟ್ಟಿಲ್ಲ, ಹೊಟ್ಟೆಪಾಡು. ಆದರೆ ನಗುತ್ತಾ ಹೇಳಿದ ಮಾತು ಅರ್ಧ ಬೆಂದ ಬದನೆಕಾಯಿ ಇದ್ದ ಹಾಗೆ ಎಂಬುದು ನನ್ನ ಅಭಿಪ್ರಾಯ.

ನನ್ನ ರೊಟ್ಟಿಯ ಬಗ್ಗೆ ಅತ್ತೆಗೂ ಅಭಿಪ್ರಾಯವಿತ್ತು. ಮದುವೆಯಾದ ಹೊಸತರಲ್ಲಿ ಒಂದನ್ನು ಕೈಯಲ್ಲಿ ಹಿಡಿದು, “ಇದನ್ನ ಮುರೀಬೇಕೋ ಒಡೀಬೇಕೋ?” ಎಂದು ಕೇಳಿದ್ದರು. ನಾನು ಸುಮ್ಮನೆ ನಿಂತಿದ್ದೆ. ಸೊಸೆಯಾದವಳು ಎದುರಾಡಬಾರದು ಎಂದಲ್ಲ, ಆಡಬೇಕಾದ ಮಾತು ಹೊಳೆಯಲಿಲ್ಲ. ನನಗೆ ಮಾತು ಹೊಳೆಯುವುದು ಮುಸುರೆ ತಿಕ್ಕುವಾಗ. ಅಷ್ಟೊತ್ತಿಗೆ ಎಲ್ಲರೂ ಉಂಡು ಮಲಗಿರುತ್ತಾರೆ, ನಾನು ಬೋಗುಣಿಗೆ ಎದುರುತ್ತರ ಕೊಡುತ್ತಿರುತ್ತೇನೆ.

ಕೆಲವು ವರ್ಷಗಳ ಹಿಂದೆ ಅತ್ತೆ ಪಕ್ಕದ ಊರು ಗೋಗಿಯಿಂದ ಬರುತ್ತಾ ಆಟೋ ಇಳಿಯುವಾಗ ಬಿದ್ದರು. ಡ್ರೈವರ್ ಹೆದರಿ, “ಆಯಿ, ಆರಾಮ ಅದೀರೇನ್ರಿ?” ಎಂದನಂತೆ. “ಆರಾಮೇ ಅದೀನಿ, ನೆಲ ಗಟ್ಟಿ ಅದನೋ ಇಲ್ಲೋ ನೋಡಾಕತ್ತೇನಿ” ಎಂದರಂತೆ ಇವರು. ಸೊಂಟದ ಎಲುಬು ಮುರಿದಿತ್ತು. ಕಲಬುರಗಿಯಲ್ಲಿ ಆಪರೇಷನ್ ಆಗಿ ಮನೆಗೆ ಬಂದರು. ಅವರ ಆ ಮಾತು ಮಾತ್ರ ಜೊತೆಗೆ ಬರಲಿಲ್ಲ.

ನಾವು ಅವರನ್ನು ಆರಾಮವಾಗಿ ಇಡಲು ಏನೂ ಕಡಿಮೆ ಮಾಡಲಿಲ್ಲ. ಹೊಸ ಮಂಚ, ಹತ್ತಿಯ ಗಾದಿ, ಬೆನ್ನಿಗೆ ಲೋಡು, ತಲೆಯ ಹತ್ತಿರ ಫ್ಯಾನು, ಕರೆಯಲು ದೇವರ ಮುಂದಿನ ಗಂಟೆ. ಬಂದವರೆಲ್ಲ ಮೆತ್ತಗೆ ಮಾತಾಡಿದರು. ಆರಾಮ ಅದೀರೇನ್ರಿ ಎಂದರೆ ಅತ್ತೆ, “ಆರಾಮ” ಎನ್ನುತ್ತಿದ್ದರು. ಅಷ್ಟೇ.

ಎಲುಬು ಕೂಡಿದೆ, ಇನ್ನು ಎದ್ದು ನಡೆಯಬೇಕು, ಈಗ ನಡೆಯದಿದ್ದರೆ ಮುಂದೆ ನಡೆಯುವುದು ಕಷ್ಟ ಎಂದು ಡಾಕ್ಟರು ಹೇಳಿದರು. ವಾಕರ್ ತಂದು ಮಂಚದ ಪಕ್ಕ ನಿಲ್ಲಿಸಿದೆವು. ಅದರ ಮೇಲೆ ಟವೆಲ್ ಒಣಗತೊಡಗಿತು.

ಒಂದು ರಾತ್ರಿ ನನ್ನ ರೊಟ್ಟಿಯನ್ನು ಹಾಲಿನಲ್ಲಿ ಅದ್ದಿಕೊಂಡು ತಿಂದ ಅತ್ತೆ, “ಚಲೋ ಆಗ್ಯಾವ ಯವ್ವಾ” ಎಂದರು. ನಮ್ಮ ಮನೆಯವರ ತುತ್ತು ಕೈಯಲ್ಲೇ ಉಳಿಯಿತು. ಅಡುಗೆಮನೆಗೆ ಬಂದು ಪಿಸುಗುಟ್ಟಿದರು.

“ನಮ್ಮವ್ವಗ ಏನೋ ಆಗ್ಯಾದ. ನಾಳಿ ಡಾಕ್ಟರ್ ಹಂತ್ಯಾಕ ಹೋಗಮು.”

“ಹೋಗಿ ಏನಂತ ಹೇಳ್ತೀರಿ? ರೊಟ್ಟಿ ಚಲೋ ಅಂದಾಳ ಅಂತನಾ?”

ಅವರು ಯೋಚಿಸಿದರು. “ನಿನ್ನ ರೊಟ್ಟಿ ಒಂದ್ ಒಯ್ದು ತೋರಸ್ತೀನಿ. ತಿಳೀತದ ಅವ್ರಿಗಿ.”

ಮರುದಿನ ಗಂಟೆಯ ಸಪ್ಪಳ ಕೇಳಿತು. ಹೋದೆ. “ಒಂದೀಟ ನೀರ ಕೊಡ್ತೀರೇನ್ರಿ ಯವ್ವಾ?” ಎಂದರು ಅತ್ತೆ. ನನಗೆ! ಇಷ್ಟು ವರ್ಷ ‘ಏನ್ ಬೇ’ ಎಂದು ಕರೆದವರು, ಆಸ್ಪತ್ರೆಯ ನರ್ಸಿಗೆ ಅನ್ನುವ ಹಾಗೆ ನನಗೆ ‘ರಿ’ ಹಚ್ಚಿದರು. ಅವರು ನಮ್ಮ ಮನೆಯಲ್ಲಿ ಪರವೂರಿನವರಾಗಿ ಕುಳಿತಿದ್ದರು. ನೀರಿನ ಬದಲು ಬಾಯಿಂದ ಮಾತು ಬಂತು, ಮುಸುರೆಗೆ ಕಾಯದೆ.

“ಅತ್ತಿ, ಗಾದಿ ಮ್ಯಾಲ ಕುಂತು ಕುಂತು ನೀವೂ ಗಾದಿನೇ ಆಗೀರಿ ನೋಡ್ರಿ. ಬಿಸಿಲಿಗಿ ಹಾಕ್ಬೇಕಂದ್ರ ಯಾವುದನ್ನ ಹೊರಬೇಕಂತ ನನಗ ತಿಳೀವಲ್ದು.”

ಬಾಗಿಲಲ್ಲಿ ನಮ್ಮ ಮನೆಯವರು ಕಣ್ಣು ಮುಚ್ಚಿಕೊಂಡರು. ಅತ್ತೆ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು.

“ಹೊರಾಕ ನಿನ್ನ ಕೈಲಿ ಆದೀತೇನ್ ಬೇ? ಹಿಟ್ಟು ಎತ್ತಲಾರದ ಕೈ.”

“ಮತ್ತ ನೀವೇ ಎದ್ದು ಬರ್ರಿ.”

“ಆ ಟವೆಲ್ ತಗಿ. ಯಾವುದು ಗಾದಿ, ಯಾವುದು ನಾನು ತೋರಸ್ತೀನಿ.”

ವಾಕರ್ ಹಿಡಿದು ಹೊಸ್ತಿಲ ತನಕ ಬಂದರು. ಹೆಜ್ಜೆಗೊಂದು ಬೈಗುಳ, ಎಲ್ಲವೂ ನನಗೇ. ಮಗನ ಕಣ್ಣಲ್ಲಿ ನೀರು ಕಂಡು ನಿಂತರು. “ಯಾಕೋ, ಅಕಿ ರೊಟ್ಟಿ ನೀನೂ ತಿಂದೇನು?”

ಆಮೇಲೆ ನಾನು ಬಹಳ ಯೋಚಿಸಿದೆ. ನಾವೆಲ್ಲ ಅಷ್ಟು ಒಳ್ಳೆಯವರಾಗಿಬಿಟ್ಟಿದ್ದೆವು. ಹತ್ತಿಯಂಥ ಮಾತು ಹಾಸಿ, ತಿರುಗಿ ಎಸೆಯಲು ಅವರ ಕೈಗೆ ಒಂದು ಹರಳನ್ನೂ ಕೊಟ್ಟಿರಲಿಲ್ಲ. ಕೆಣಕುವವರೇ ಇಲ್ಲದಿದ್ದರೆ ಎದುರುತ್ತರ ಎಲ್ಲಿಂದ ಬರಬೇಕು? ಯಾರ ಕಾಟವೂ ಇಲ್ಲದೆ ಒರಗಿರುವುದನ್ನು ಜನ ಆರಾಮ ಎನ್ನುತ್ತಾರೆ. ಹೇಳುವವರು ಹೇಳಲಿ, ನೀವೂ ಬೇಕಾದರೆ ಒಂದು ತಿಂಗಳು ಇದ್ದು ನೋಡಿ.

ಇವತ್ತು ಸಂಜೆ ಮಾಳಿಗೆಯಿಂದ ಗಾದಿ ಇಳಿಸಿ ಹಾಸಿದೆ. ಎಣ್ಣೆಯ ವಾಸನೆ ಹೋಗಿಲ್ಲ, ಇರಲಿ ಬಿಡಿ. ರಾತ್ರಿ ಊಟಕ್ಕೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು. ಅತ್ತೆ ಕೋಲು ಊರುತ್ತಾ ಬಂದು ಕುಳಿತು, ರೊಟ್ಟಿಯನ್ನು ತಾಟಿಗೆ ತಟ್ಟಿ ಸಪ್ಪಳ ಕೇಳಿದರು. “ಗಾದಿ ಬಿಸಿಲಿಗಿ ಹಾಕಿದ್ದಿ, ಚಲೋ ಮಾಡಿದಿ. ಅದರ ಜೋಡಿ ರೊಟ್ಟಿನೂ ಹಾಕಿದ್ದೇನು?”

ನಮ್ಮ ಮನೆಯಲ್ಲಿ ಕೊನೆಯ ಮಾತು ಯಾರದೋ ಅವರು ಮೊದಲು ಮಲಗುತ್ತಾರೆ. ಅತ್ತೆ ಮಲಗಿದರು, ಗೊರಕೆಯೂ ಬಂತು. ಆಮೇಲೆ ನಮ್ಮ ಮನೆಯವರು. ನನಗೆ ಉತ್ತರ ಹೊಳೆದದ್ದು ಎಂದಿನಂತೆ ಕೊನೆಯ ಬೋಗುಣಿ ತಿಕ್ಕುವಾಗ. ಈ ಸಲ ಬೋಗುಣಿಗೆ ಹೇಳಲಿಲ್ಲ. ಬೆಳಗಿನ ಚಹಾಕ್ಕೆ ಇಟ್ಟುಕೊಂಡಿದ್ದೇನೆ.