ಎಡಕ್ಕೆ ಸುತ್ತಿದ ಜಾಡಿಗಳು

ಬ್ರಾಂಡಿ ಬಾಟಲಿಯ ಮೇಲೆ ಮಾಲೀಕನ ಹೆಸರಿರುತ್ತದೆ, ದುಡಿದವರ ಹೆಸರಿರುವುದಿಲ್ಲ. ಇದು ನಿಮಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಮುಚ್ಚಳ ತಿರುಗಿಸುತ್ತೀರಿ, ಅಷ್ಟೆ.

ಮೋರಿಸೆತ್ ಗೆರಿನೋಗೆ ಈಗ ಎಪ್ಪತ್ತೊಂಬತ್ತು. ಶರಾಂತ್ ನದಿಯ ದಂಡೆಯ ಕೊನ್ಯಾಕ್ ಪಟ್ಟಣದಲ್ಲಿ, ದೊಡ್ಡ ಬ್ರಾಂಡಿ ಮನೆತನವೊಂದರ ಹಿತ್ತಲ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷ ಕೂತು, ಹಳೆಯ ಬ್ರಾಂಡಿ ತುಂಬಿಡುವ ಗಾಜಿನ ಜಾಡಿಗಳಿಗೆ ನೆನೆಸಿದ ಬೆತ್ತದಂಥ ಕಡ್ಡಿಯ ಕವಚ ಹೆಣೆದವಳು. ಅವಳದು ಎಡಗೈ. ಎಲ್ಲರ ಹೆಣಿಗೆ ಬಲಕ್ಕೆ ಸುತ್ತಿದರೆ ಇವಳದು ಎಡಕ್ಕೆ ಸುತ್ತುತ್ತಿತ್ತು. ಮೇಸ್ತ್ರಿ ಲೂಸಿಯಾನ್ ದಿನಾ ಬೈಯುತ್ತಿದ್ದ: "ಲೇ ಎಡಚಿ, ನಿನ್ ಜಾಡಿ ಮೂಲೆಗಿಡ್ತೀನಿ ನೋಡು, ಯಾರ ಕಣ್ಣಿಗೂ ಬೀಳಬಾರದು!" ಜಾಡಿಗಳು ಹೋಗುತ್ತಿದ್ದದ್ದು 'ಸ್ವರ್ಗ' ಎಂದು ಕರೆಯುವ ನೆಲಮಾಳಿಗೆಗೆ. ಹೆಣೆದವರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಸ್ವರ್ಗವೆಂದರೆ ಎಲ್ಲ ಕಡೆಯೂ ಹಾಗೇ ತಾನೆ?

ಜೂನ್ ತಿಂಗಳಲ್ಲಿ ಅವಳ ಹಳ್ಳಿಯ ಹಿರಿಯರ ಸಂಘ ಒಂದು ದಿನದ ಪ್ರವಾಸಕ್ಕೆ ಕೊನ್ಯಾಕ್ ಆರಿಸಿದಾಗ ಮೋರಿಸೆತ್ ಮೊದಲು ಹೆಸರು ಕೊಟ್ಟಳು. ಅವಳಿಗೆ ಬೇಕಿದ್ದದ್ದು ಒಂದೇ: ತನ್ನ ಜಾಡಿಗಳಲ್ಲಿ ಒಂದಾದರೂ ಉಳಿದಿದೆಯೋ, ಲೂಸಿಯಾನ್ ಎಲ್ಲವನ್ನೂ ತಿಪ್ಪೆಗೆಸೆದನೋ ಕಣ್ಣಾರೆ ನೋಡಬೇಕು.

"ನನ್ ಬೆರಳು ಕುಯ್ಕೊಂಡ ಜಾಗಕ್ಕೆ ನಾನೇ ಟಿಕೆಟ್ ತಗೋಬೇಕಂತೆ," ಎಂದು ಬ್ರಾಂಡಿ ಮನೆತನದ ಬಾಗಿಲಲ್ಲಿ ಗೊಣಗಿದಳು.

"ಸುಮ್ನೆ ಬಾ ಅತ್ತಿಗೆ," ಎಂದಳು ನಾದಿನಿ ಜಿಲ್ಬೆರ್ತ್. "ಮಧ್ಯಾಹ್ನ ಬೆಳ್ಳುಳ್ಳಿ ಹಾಕಿದ ಬಸವನಹುಳು ಎರಡು ತಟ್ಟೆ ಬಾರಿಸಿದಾಗ ಈ ಲೆಕ್ಕ ಎಲ್ಲಿತ್ತು?"

ಬ್ರಾಂಡಿಯ ಆವಿ ಕುಡಿದು ಕಪ್ಪಾದ ಗೋಡೆಗಳ ನಡುವೆ ಇಳಿದರು. ಸ್ವರ್ಗದ ಕಬ್ಬಿಣದ ಬಾಗಿಲು ತೆರೆಯಿತು. ಸಾಲು ಸಾಲು ಜಾಡಿ, ಎಲ್ಲವೂ ಬಲಕ್ಕೆ ಸುತ್ತಿದವು. ಮೋರಿಸೆತ್ ಎರಡೆರಡು ಸಲ ಕಣ್ಣಾಡಿಸಿದಳು. ಅಷ್ಟರಲ್ಲಿ ತಿಫೆನ್ ಎಂಬ ಗೈಡ್ ಹುಡುಗಿ ಮೂಲೆಯ ಗೂಡೊಂದರ ದೀಪ ಹಾಕಿದಳು. ಮೂರು ಜಾಡಿಗಳಿದ್ದವು. ಮೂರೂ ಎಡಕ್ಕೆ ಸುತ್ತಿದ್ದವು.

"ಇವು ನಮ್ಮ ಮೂಲಪುರುಷರ ಗುಪ್ತ ಜಾಡಿಗಳು," ತಿಫೆನ್ ದನಿ ತಗ್ಗಿಸಿದಳು. "ಕಾಲ ಹಿಂದಕ್ಕೆ ತಿರುಗಲಿ ಅಂತ ಅವರೇ ಹೆಣಿಗೇನ ಹಿಂದುಮುಂದಾಗಿ ಮಾಡಿಸಿದರು. ಇನ್ನೂರೈವತ್ತು ವರ್ಷದ ಹಿಂದೆ."

ಪ್ರವಾಸಿಗರೆಲ್ಲ 'ಓಹೋ' ಎಂದು ಫೋನೆತ್ತಿದರು. ಜಿಲ್ಬೆರ್ತ್ ಅತ್ತಿಗೆಯ ಪಕ್ಕೆಗೆ ತಿವಿದಳು.

"ಮಗಳೇ," ಮೋರಿಸೆತ್ ಬೆಣ್ಣೆಯಂಥ ದನಿಯಲ್ಲಿ ಕೇಳಿದಳು, "ಆ ಮಹಾನುಭಾವರ ಕಾಲದಲ್ಲಿ ಪ್ಲಾಸ್ಟಿಕ್ ವೈರು ಸಿಗ್ತಿತ್ತಾ?"

"ಇಲ್ಲ ಮದಾಮ್, ಎಲ್ಲಿಂದ ಸಿಗ್ಬೇಕು!"

"ಹಂಗಾದ್ರೆ ನಡುವಿನ ಜಾಡಿ ಕತ್ತಿನ ಹಿಂದೆ ಸ್ವಲ್ಪ ಬಗ್ಗಿ ನೋಡಮ್ಮ. ಶುಕ್ರವಾರ ಸಂಜೆ ಕಡ್ಡಿ ಮುಗಿದುಹೋಗಿತ್ತು. ನನ್ ಗಂಡನ ಸೈಕಲ್ ದೀಪದ ನೀಲಿ ವೈರು ಕಿತ್ತು ಕಟ್ಟಿದ್ದೆ. ಪಾಪ, ಒಂದು ವಾರ ಕತ್ತಲಲ್ಲೇ ಸೈಕಲ್ ತುಳಿದ ನನ್ ರಾಜ."

ತಿಫೆನ್ ಬಗ್ಗಿದಳು. ಎದ್ದಾಗ ಮುಖ ಕೆಂಪಗಾಗಿತ್ತು. ನೀಲಿ ವೈರು ಅಲ್ಲೇ ಇತ್ತು. ಮೋರಿಸೆತ್ ತನ್ನ ಎಡಗೈ ಚಾಚಿ ಬೆರಳ ಗಾಯದ ಗುರುತುಗಳನ್ನು ದೀಪಕ್ಕೆ ಹಿಡಿದಳು. ಸಂಘದ ಮುದುಕರು ಚಪ್ಪಾಳೆ ತಟ್ಟಿ ಕೇಕೆ ಹಾಕಿದರು.

ಹೊರಗೆ ಬರುವಾಗ ಹುಡುಗಿ ಅವಳ ತೋಳು ಹಿಡಿದಳು. "ಅಜ್ಜಿ, ನಾನೇನೂ ಕಟ್ಟಿ ಹೇಳಿದ್ದಲ್ಲ. ಆಫೀಸಿನವರು ಬರೆದುಕೊಟ್ಟಿದ್ದು. ಬೇರೆ ಹೇಳಿದ್ರೆ ನನ್ ಕೆಲಸ ಹೋಗತ್ತೆ."

"ನಿನ್ ಹೊಟ್ಟೆ ಮೇಲೆ ನಾನ್ಯಾಕೆ ಹೊಡೀಲಿ? ಅವರ ಕತೆ ಅವರೇ ಇಟ್ಕೊಳ್ಳಲಿ. ಹೆಣೆದವಳು ಮೋರಿಸೆತ್ ಗೆರಿನೋ ಅಂತ ನನ್ ಹೆಸರೊಂದು ಹೇಳು, ಸಾಕು."

ಹುಡುಗಿ ತಲೆಯಾಡಿಸಿದಳು. ಮೋರಿಸೆತ್ ತಲೆಯಾಟ ನಂಬುವ ಹೆಂಗಸಲ್ಲ. ಎಲ್ಲರೂ ಪುಕ್ಕಟೆ ಬ್ರಾಂಡಿ ಗುಟುಕಿಗೆ ಸಾಲು ನಿಂತಾಗ ಅವಳೂ ನಾದಿನಿಯೂ ಟಿಕೆಟ್ಟಿಲ್ಲದೆ ಮುಂದಿನ ಗುಂಪಿನ ಬಾಲ ಹಿಡಿದು ಮತ್ತೆ ಸ್ವರ್ಗಕ್ಕೆ ನುಸುಳಿದರು.

ದೀಪ ಹೊತ್ತಿತು. ತಿಫೆನ್ ಹಿಂದಿನ ಸಾಲಿನಲ್ಲಿ ಆ ಎರಡು ಬಿಳಿತಲೆಗಳನ್ನು ಕಂಡಳು. "ಇವನ್ನ ಹೆಣೆದವರು... ಮೋರಿಸೆತ್ ಗೆರಿನೋ. ಎಡಗೈಯವರು." ಮೋರಿಸೆತ್ ನಾದಿನಿಯ ಕೈಯನ್ನು ಗಟ್ಟಿಯಾಗಿ ಹಿಡಿದಳು. ಹುಡುಗಿ ಬಾಗಿಲಲ್ಲಿ ಬಂದು ನಿಂತ ಮೇಲಧಿಕಾರಿಯತ್ತ ನೋಡಿ ಒಂದೇ ಉಸಿರಿಗೆ ಸೇರಿಸಿದಳು: "ನಮ್ಮ ಮೂಲಪುರುಷರ ನಂಬಿಕಸ್ಥ ಹೆಣಿಗೆಯಾಕೆ. ಇನ್ನೂರೈವತ್ತು ವರ್ಷದ ಹಿಂದೆ!"

ಜಿಲ್ಬೆರ್ತ್ ಸೆರಗಿಲ್ಲದ ನಾಡಿನಲ್ಲಿ ಟೋಪಿಯನ್ನೇ ಬಾಯಿಗೆ ತುರುಕಿಕೊಂಡು ನಕ್ಕಳು. "ಇನ್ನೂರೈವತ್ತಕ್ಕೆ ಚೆನ್ನಾಗೇ ಇದ್ದೀಯ ಬಿಡು ಅತ್ತಿಗೆ!"

ಮೋರಿಸೆತ್ ಬಸ್ಸಿನಲ್ಲಿ ದಾರಿಯುದ್ದಕ್ಕೂ ನಗುತ್ತಲೇ ಇದ್ದಳು. ಹೆಸರಂತೂ ಸ್ವರ್ಗ ಸೇರಿತಲ್ಲ ಎಂದಳು. ಅವಳದು ದೊಡ್ಡ ಮನಸ್ಸು. ನನಗೆ ಅದಿಲ್ಲ. ಬದುಕಿರುವವಳ ಹೆಸರು ಹೇಳಬೇಕೆಂದರೂ ಅವಳನ್ನು ಮೊದಲು ಇನ್ನೂರೈವತ್ತು ವರ್ಷದ ಹಿಂದೆ ಹೂಳಬೇಕೆ?

ನೀವು ಯಾವತ್ತಾದರೂ ಆ ಮಾಳಿಗೆಗೆ ಇಳಿದರೆ, ನಡುವಿನ ಜಾಡಿಯ ನೀಲಿ ವೈರು ತೋರಿಸಿ ಎನ್ನಿ. ಕಟ್ಟಿದವಳು ಯಾರು, ಈಗೆಲ್ಲಿದ್ದಾಳೆ ಎಂದು ಕೇಳಿ. ಹುಡುಗಿಯನ್ನಲ್ಲ, ಬಾಗಿಲಲ್ಲಿ ನಿಂತವನನ್ನು ಕೇಳಿ. ಉತ್ತರ ಬರುವವರೆಗೆ ಗುಟುಕು ಮುಟ್ಟಬೇಡಿ.